ಮಿಲ್ ಒಳಗೆ ಹೂತುಹೋದ ಕಾಲುವೆಗೆ ಮತ್ತೆ ನೀರು ಬಿಡುವುದು ಹೇಗೆ?

ದಾವಣಗೆರೆ ಕಡೆ ಭದ್ರಾ ನಾಲೆಯ ಹಳೇ ಮರಿಗಾಲುವೆಯೊಂದು ನಿಮ್ಮ ರೈಸ್ ಮಿಲ್ ಕಾಂಪೌಂಡಿನೊಳಗೆ ಮುಚ್ಚಿಹೋಗಿದೆ ಅಂದುಕೊಳ್ಳಿ. ಜೆಸಿಬಿ ಆಮೇಲೆ ಕರೆಸಿ. ಮೊದಲು ಸರ್ವೆ ಕಚೇರಿಯಿಂದ ಗ್ರಾಮ ನಕಾಶೆ ತನ್ನಿ, ನೀರಾವರಿ ನಿಗಮದ ಒಪ್ಪಿಗೆ ಪಡೆಯಿರಿ, ನೆಲದೊಳಗೆ ಕರೆಂಟ್ ಕೇಬಲ್ ಎಲ್ಲೆಲ್ಲಿ ಹೋಗಿದೆ ಅಂತ ಮಿಲ್ಲಿನ ಎಲೆಕ್ಟ್ರಿಷಿಯನ್ ಕೈಲೇ ಸುಣ್ಣದ ಗೆರೆ ಹಾಕಿಸಿ.

ಕೆಲಸಕ್ಕೆ ಸರಿಯಾದ ಸಮಯ ಅಂದರೆ ಬೇಸಿಗೆ ಬೆಳೆಯ ನೀರು ನಿಂತ ಮೇಲೆ, ಮಳೆಗಾಲದ ನೀರು ಬಿಡುವ ಮುಂಚೆ. ಹೂಳನ್ನು ಕೆಳಗಿನ ತುದಿಯಿಂದ ಮೇಲಕ್ಕೆ ತೆಗೆಯುತ್ತಾ ಬನ್ನಿ, ಆಗ ನಡುವೆ ಮಳೆ ಬಂದರೂ ನೀರು ಹೊರಗೆ ಹರಿದುಹೋಗುತ್ತದೆ. ಇಳಿಜಾರು ಕಣ್ಣಳತೆಗೆ ಬಿಡಬೇಡಿ. ಸಾವಿರಕ್ಕೆ ಒಂದು ಅಂದರೆ 100 ಮೀಟರಿಗೆ 10 ಸೆಂಟಿಮೀಟರ್ ಅಷ್ಟೇ, ನೀರು ತುಂಬಿ ಮಟ್ಟ ನೋಡುವ ಲೆವೆಲ್ ಪೈಪ್ ಇಲ್ಲದೆ ಅದು ಗೊತ್ತಾಗುವುದಿಲ್ಲ.

ನಿಜವಾದ ತಲೆನೋವು ಎರೆಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಹಪ್ಪಳದ ಹಾಗೆ ಒಡೆಯುತ್ತದೆ. ಆ ಮಣ್ಣು ಒಂದಷ್ಟು ಆಳ ತೆಗೆದು, ಗರಸು ತುಂಬಿ, ನೀರು ಹೊಡೆದು ರೋಲರ್ ಓಡಿಸಿ, ಆಮೇಲೆ ಲೈನಿಂಗ್, ಅಂದರೆ ಕಾಲುವೆಯ ಒಳಮೈಗೆ ಕಾಂಕ್ರೀಟ್ ಹೊದಿಕೆ.

ಲಾರಿ ದಾಟುವಲ್ಲಿ ಸುಮ್ನೆ ಚಪ್ಪಡಿ ಸಾಲದು, ನಾಲ್ಕೂ ಕಡೆ ಕಾಂಕ್ರೀಟ್ ಇರುವ ಪೆಟ್ಟಿಗೆಯಂಥ ಬಾಕ್ಸ್ ಮೋರಿಯೇ ಬೇಕು. ಭತ್ತ ಬೇಯಿಸಿದ ನೀರನ್ನು ಕಾಲುವೆಗೆ ಬಿಡಲೇಬೇಡಿ, ಕೆಳಗೆ ಗದ್ದೆಗಳಿವೆ ಅಲ್ವಾ? ಹೊಟ್ಟು, ಬೂದಿ ಹಾರಿ ಬೀಳದಂತೆ ಮಿಲ್ ಕಡೆಯ ದಂಡೆಗೆ ಮೊಣಕಾಲೆತ್ತರದ ಗೋಡೆ ಕಟ್ಟಿ, ಜಾಲರಿ ನಿಲ್ಲಿಸಿ. ಮೊದಲ ದಿನ ತೂಬು ಪೂರ್ತಿ ಎತ್ತಬೇಡಿ, ಕಾಲುಭಾಗ ಸಾಕು.