ಕಂಡದ್ದು ಎಲ್ಲಿಂದ? ಇಂಗ್ಲಿಷಿನಲ್ಲಿ ನೋಟದ ನೆಲೆಯನ್ನು ಹೇಳುವ ಬಗೆ

‘ನಾನು ಅವನನ್ನು ಕಿಟಕಿಯಿಂದ ನೋಡಿದೆ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರಲು ಹೊರಟವರು ‘ಇಂದ’ ಇರುವಲ್ಲಿ ‘ಫ್ರಮ್’ ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ಇಲ್ಲಿ ಅದು ತಪ್ಪಾಗುವುದಿಲ್ಲ. ಆದರೆ ‘ದೂರದರ್ಶಕದಿಂದ ನೋಡಿದೆ’ ಎಂಬಲ್ಲಿಯೂ ‘ಫ್ರಮ್’ ಎಂದರೆ, ನೋಡುವವನು ದೂರದರ್ಶಕದ ಮೇಲೋ ಒಳಗೋ ಕುಳಿತಿದ್ದನೆಂಬ ಅರ್ಥ ಬಂದೀತು. ಅಲ್ಲಿ ಬೇಕಾದದ್ದು ‘ಥ್ರೂ’. ಈ ಎಡವಟ್ಟಿಗೆ ಕಾರಣ ನಮ್ಮ ‘ಇಂದ’ ಹೊತ್ತಿರುವ ಎರಡು ಹೊರೆಗಳು: ‘ಚಾಕುವಿನಿಂದ ಕತ್ತರಿಸಿದ’ ಎಂಬಲ್ಲಿ ಅದು ಸಾಧನವನ್ನು ಹೇಳುತ್ತದೆ, ‘ಮರದಿಂದ ಬಿದ್ದ’ ಎಂಬಲ್ಲಿ ಹೊರಟ ಜಾಗವನ್ನು ಹೇಳುತ್ತದೆ. ವ್ಯಾಕರಣದ ಪಟ್ಟಿಯಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯೇಕ ಪ್ರತ್ಯಯವಿದೆಯಾದರೂ ‘ಮರದ ದೆಸೆಯಿಂದ ಬಿದ್ದ’ ಎಂದು ಮಾತಾಡುವವರನ್ನು ಯಾರೂ ಕಂಡಿರಲಾರರು. ಇಂಗ್ಲಿಷು ಈ ಎರಡು ಕೆಲಸಗಳನ್ನು ಬೇರೆಬೇರೆ ಪದಗಳಿಗೆ ಹಂಚಿಕೊಟ್ಟಿದೆ.

ಆದ್ದರಿಂದ ವಾಕ್ಯ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದದ್ದು, ಹೇಳಹೊರಟಿರುವ ಜಾಗ ಯಾವುದರದು ಎಂಬುದನ್ನು: ಅದು ಕಣ್ಣು ಇರುವ ಜಾಗವೇ, ಕಂಡ ವಸ್ತು ಇರುವ ಜಾಗವೇ, ಅಥವಾ ಇವೆರಡರ ನಡುವೆ ನೋಟ ಹಾದುಹೋದ ದಾರಿಯೇ? ಒಂದೇ ಕಿಟಕಿ ಈ ಮೂರೂ ಆಗಬಲ್ಲದು. ‘ಐ ಸಾ ಹಿಮ್ ಫ್ರಮ್ ದ ವಿಂಡೋ’ ಎಂದರೆ ಕಿಟಕಿಯ ಬಳಿ ಇದ್ದವನು ನಾನು. ‘ಐ ಸಾ ಹಿಮ್ ಅಟ್ ದ ವಿಂಡೋ’ ಎಂದರೆ ಕಿಟಕಿಯ ಬಳಿ ನಿಂತವನು ಅವನು; ‘ಇನ್ ದ ವಿಂಡೋ’ ಎಂದರೆ ಚೌಕಟ್ಟಿನೊಳಗೆ ಚಿತ್ರದಂತೆ ಅವನು ಕಂಡನೆಂದೂ, ಬಹುಮಟ್ಟಿಗೆ ನಾನು ಹೊರಗಿದ್ದೆನೆಂದೂ ಅರ್ಥ. ‘ಥ್ರೂ ದ ವಿಂಡೋ’ ಎಂದಾಗ ನೋಟ ಗಾಜನ್ನು ದಾಟಿತೆಂಬುದಷ್ಟೇ ತಿಳಿಯುತ್ತದೆ. ಒಳಗಿನಿಂದ ಹೊರಕ್ಕೋ ಹೊರಗಿನಿಂದ ಒಳಕ್ಕೋ ಎಂಬುದನ್ನು ಉಳಿದ ಮಾತುಗಳು ಹೇಳಬೇಕು. ಒಳಗಿದ್ದುಕೊಂಡು ಹೊರಗೆ ನೋಡಿದ್ದನ್ನು ಖಚಿತವಾಗಿ ಹೇಳಬೇಕಾದರೆ ‘ಲುಕ್ಡ್ ಔಟ್ ಆಫ್ ದ ವಿಂಡೋ’ ಎಂಬ ರೂಪವಿದೆ. ಅಮೆರಿಕದವರು ಇದರಲ್ಲಿನ ‘ಆಫ್’ ಅನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

‘ಫ್ರಮ್’ ಎಂಬುದು ಕಣ್ಣಿನ ಜಾಗವನ್ನು ಗುರುತಿಸುತ್ತದೆ ಎಂಬುದು ಮನಸ್ಸಿಗೆ ಹತ್ತಿದರೆ, ಎರಡು ಉಪಸರ್ಗಗಳು ಜೊತೆಯಾಗಿ ಬರುವ ಪ್ರಯೋಗಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ‘ಐ ಸಾ ಹಿಮ್ ಬಿಹೈಂಡ್ ದ ಟ್ರೀ’ ಎಂದರೆ ಮರದ ಹಿಂದೆ ಇದ್ದವನು ಅವನು. ‘ಐ ಸಾ ಹಿಮ್ ಫ್ರಮ್ ಬಿಹೈಂಡ್ ದ ಟ್ರೀ’ ಎಂದರೆ ಮರದ ಮರೆಯಲ್ಲಿ ನಿಂತು ನೋಡಿದವನು ನಾನು. ‘ಅಕ್ರಾಸ್ ದ ರೋಡ್’ ಮತ್ತು ‘ಫ್ರಮ್ ಅಕ್ರಾಸ್ ದ ರೋಡ್’, ‘ಅಂಡರ್ ದ ಟೇಬಲ್’ ಮತ್ತು ‘ಫ್ರಮ್ ಅಂಡರ್ ದ ಟೇಬಲ್’ ಇವುಗಳ ನಡುವಿನ ಅಂತರವೂ ಇದೇ. ಮರ, ಮೇಜು ಯಾವುದನ್ನೂ ಹೆಸರಿಸದೆ ಬರಿದೇ ‘ಫ್ರಮ್ ಬಿಹೈಂಡ್’ ಎಂದರೆ ಅಳತೆಗೋಲು ಕಂಡ ವ್ಯಕ್ತಿಯೇ ಆಗುತ್ತಾನೆ: ನಾನು ಅವನ ಹಿಂದಿದ್ದೆ, ನನಗೆ ಕಂಡದ್ದು ಅವನ ಬೆನ್ನು. ದೂರವನ್ನು ಹೇಳುವಾಗಲೂ ‘ಫ್ರಮ್ ಎ ಡಿಸ್ಟನ್ಸ್’ ನೋಡುವವನ ಕಡೆಯ ಮಾತು, ‘ಇನ್ ದ ಡಿಸ್ಟನ್ಸ್’ ಕಂಡ ವಸ್ತುವಿನ ಕಡೆಯ ಮಾತು. ವಾಹನಗಳಿಗೂ ಇದೇ ನಿಯಮ ಸಲ್ಲುತ್ತದೆ. ‘ಆನ್ ದ ಬಸ್’ ಎಂದರೆ ಅವನು ಬಸ್ಸಿನೊಳಗಿದ್ದ, ‘ಫ್ರಮ್ ದ ಬಸ್’ ಎಂದರೆ ಬಸ್ಸಿನಲ್ಲಿದ್ದ ನನಗೆ ಅವನು ಹೊರಗೆ ಕಂಡ.

ಪದ ಸರಿಯಾಗಿದ್ದರೂ ಅದನ್ನಿಟ್ಟ ಸ್ಥಾನ ಕೈಕೊಡುವುದುಂಟು. ‘ಐ ಸಾ ದ ಕ್ಯಾಪ್ಟನ್ ಫ್ರಮ್ ದ ಶಿಪ್’ ಎಂಬುದನ್ನು ‘ಹಡಗಿನಲ್ಲಿದ್ದುಕೊಂಡು ಕ್ಯಾಪ್ಟನ್ನನ್ನು ಕಂಡೆ’ ಎಂದೂ ‘ಆ ಹಡಗಿನ ಕ್ಯಾಪ್ಟನ್ನನ್ನು ಕಂಡೆ’ ಎಂದೂ ಓದಬಹುದು, ಏಕೆಂದರೆ ಇಂಗ್ಲಿಷಿನಲ್ಲಿ ನಾಮಪದದ ಬೆನ್ನಿಗೆ ಬಂದ ‘ಫ್ರಮ್’ ಆ ನಾಮಪದಕ್ಕೇ ಅಂಟಿಕೊಳ್ಳಬಲ್ಲದು. ಕ್ಯಾಪ್ಟನ್ ಎಂಬುದರ ಬದಲು ‘ಹಿಮ್’ ಎಂಬ ಸರ್ವನಾಮ ಬಂದರೆ ಈ ಗೊಂದಲ ಇರುವುದಿಲ್ಲ. ನಾಮಪದವೇ ಬೇಕೆಂದಾದರೆ ‘ಫ್ರಮ್ ದ ಶಿಪ್’ ಎಂಬುದನ್ನು ವಾಕ್ಯದ ಮೊದಲಿಗೆ ತಂದು ಅದರ ಮುಂದೆ ಅಲ್ಪವಿರಾಮ ಹಾಕಿದರೆ ಸಾಕು.

ಇದಕ್ಕಿಂತ ಆಳವಾದ ತೊಡಕು ‘ನೋಡಿದರೆ’ ಎಂಬುದನ್ನು ಇಂಗ್ಲಿಷಿಗೆ ತರುವಲ್ಲಿದೆ. ‘ಗೋಪುರದಿಂದ ನೋಡಿದರೆ ನದಿ ಸಣ್ಣದಾಗಿ ಕಾಣುತ್ತದೆ’ ಎಂಬುದು ಕನ್ನಡದಲ್ಲಿ ನಿರ್ದೋಷವಾದ ವಾಕ್ಯ. ನೋಡುವವರು ಬೇರೆ, ಕಾಣುವುದು ಬೇರೆ ಎಂಬುದಕ್ಕೆ ‘ನೋಡಿದರೆ’ ಎಂಬ ರೂಪ ಅಡ್ಡಿ ಮಾಡುವುದಿಲ್ಲ. ಆ ಧೈರ್ಯದಲ್ಲಿ ನಾವು ‘ಲುಕಿಂಗ್ ಫ್ರಮ್ ದ ಟವರ್, ದ ರಿವರ್ ಲುಕ್ಸ್ ಸ್ಮಾಲ್’ ಎಂದು ಬರೆದರೆ, ಇಂಗ್ಲಿಷಿನ ನಿಯಮದಂತೆ ‘ಲುಕಿಂಗ್’ ಎಂಬ ಕ್ರಿಯೆ ಮುಂದಿನ ಕರ್ತೃವಿಗೆ ಸೇರಿ, ಗೋಪುರ ಹತ್ತಿ ನೋಡುತ್ತಿರುವುದು ಪಾಪ ಆ ನದಿಯೇ ಆಗಿಬಿಡುತ್ತದೆ. ಕರ್ತೃ ನದಿಯಾದರೆ ನದಿ ನೋಡುವುದಿಲ್ಲ, ನೋಡಲ್ಪಡುತ್ತದೆ. ಆದ್ದರಿಂದ ‘ಸೀನ್ ಫ್ರಮ್ ದ ಟವರ್, ದ ರಿವರ್ ಲುಕ್ಸ್ ಸ್ಮಾಲ್’ ಎಂದಾಗಬೇಕು. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಕೃತಕವೆನಿಸುವುದರಿಂದ ಈ ರೂಪ ನಮಗೆ ಸುಲಭವಾಗಿ ಹೊಳೆಯುವುದಿಲ್ಲ, ಆದರೆ ನೋಟದ ನೆಲೆಯನ್ನು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಕಟ್ಟಣೆ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ.

‘ನನ್ನ ಕೋಣೆಯಿಂದ ಸಮುದ್ರ ಕಾಣುತ್ತದೆ’ ಎಂಬಂಥ ಮಾತಿಗೆ ಇಂಗ್ಲಿಷಿನ ಸಹಜ ರೂಪ ‘ಐ ಕ್ಯಾನ್ ಸೀ ದ ಸೀ ಫ್ರಮ್ ಮೈ ರೂಮ್’. ಇಲ್ಲಿ ‘ಕ್ಯಾನ್’ ಸಾಮರ್ಥ್ಯದ ಹೆಗ್ಗಳಿಕೆಯಲ್ಲ, ‘ಕಾಣುತ್ತದೆ’ ಎಂಬುದರ ಸಮಾನ ಮಾತು. ‘ಐ ಆಮ್ ಸೀಯಿಂಗ್’ ಎಂದು ಅನುವಾದಿಸಬಾರದು. ಕೋಣೆಯನ್ನೇ ಕರ್ತೃವಾಗಿಸಿ ‘ದ ರೂಮ್ ಓವರ್‌ಲುಕ್ಸ್ ದ ಸೀ’ ಎಂದೂ ಹೇಳಬಹುದು, ಆದರೆ ನೋಡುವ ಜಾಗ ಎತ್ತರದಲ್ಲಿದ್ದು ಕಾಣುವುದು ಕೆಳಗಿದ್ದಾಗ ಮಾತ್ರ ಆ ಕ್ರಿಯಾಪದ ಚೆನ್ನಾಗಿ ಒಪ್ಪುತ್ತದೆ. ಮನುಷ್ಯನು ಕರ್ತೃವಾದರೆ ಅದೇ ಪದಕ್ಕೆ ಸಾಮಾನ್ಯವಾಗಿ ‘ಗಮನಿಸದೆ ಬಿಟ್ಟ’ ಎಂಬ ಅರ್ಥ ಬರುವುದರಿಂದ, ಬೆಟ್ಟದ ಮೇಲೆ ನಿಂತು ಕಣಿವೆಯನ್ನು ಕಣ್ತುಂಬ ನೋಡಿದವರು ‘ಐ ಓವರ್‌ಲುಕ್ಡ್ ದ ವ್ಯಾಲಿ’ ಎಂದು ಬರೆದರೆ, ಓದಿದವರು ಅವರು ಕಣಿವೆಯನ್ನು ನೋಡಲೇ ಇಲ್ಲವೆಂದು ತಿಳಿಯುತ್ತಾರೆ. ‘ಐ ಲುಕ್ಡ್ ಔಟ್ ಓವರ್ ದ ವ್ಯಾಲಿ’ ಎಂಬುದು ಅವರಿಗೆ ಬೇಕಾದ ವಾಕ್ಯ.