ಮೊದಲು ನೀರು, ಆಮೇಲೆ ಮೀನು: ಮನೆಯಲ್ಲಿ ಕ್ಲೌನ್ ಮೀನು ಸಾಕುವುದು ಹೇಗೆ?

ಸಮುದ್ರದ ಜೀವಿ ಸಾಕಬೇಕು ಅನ್ನುವವರ ಕಣ್ಣು ಮೊದಲು ಬೀಳುವುದು ಕಡಲ್ಗುದುರೆಯ ಮೇಲೆ, ಇಲ್ಲವೇ ಬಿಳಿ ಪಟ್ಟೆಯ ಕಿತ್ತಳೆ ಕ್ಲೌನ್ ಮೀನಿನ ಮೇಲೆ. ಕಡಲ್ಗುದುರೆಯ ಆಸೆ ಬಿಟ್ಟುಬಿಡಿ. ಅದಕ್ಕೂ ಹವಳಕ್ಕೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕ್ಲೌನ್ ಮೀನನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿಧಾನ ನಮ್ಮ ದೇಶದಲ್ಲೂ ಇದೆ. ಅಂಥ ಮರಿಯನ್ನೇ ಕೇಳಿ ತನ್ನಿ. ಒಣ ಆಹಾರಕ್ಕೆ ಬೇಗ ಒಗ್ಗುತ್ತದೆ.

100 ಲೀಟರಿನ ತೊಟ್ಟಿ, ಫಿಲ್ಟರ್, ನೀರು ತಿರುಗಿಸುವ ಪಂಪ್ ಬೇಕು. ಅಡುಗೆ ಉಪ್ಪು ಬೇಡ, ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪೇ ಆಗಬೇಕು. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಹಾಕಿ ಕರಗಿಸಿ. ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.025ರ ಆಸುಪಾಸು ಬರಬೇಕು.

ಈಗ ಕಷ್ಟದ ಕೆಲಸ: ಕಾಯುವುದು. ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ನಂಬಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿಯಬೇಕು. ಮಕ್ಕಳು ದಿನಾ ಕೇಳುತ್ತಾರೆ, ನಮಗೂ ತಡೆಯುವುದಿಲ್ಲ, ಅಲ್ವಾ? ಆದರೂ ತಡೆಯಿರಿ. ಅವಸರ ಮಾಡಿದರೆ ಸಾಯುವುದು ಮೀನು.

ಮೀನು ತಂದ ದಿನ ಚೀಲವನ್ನು 15 ನಿಮಿಷ ತೊಟ್ಟಿಯಲ್ಲಿ ತೇಲಿಸಿ. ನಂತರ ಒಂದು ಗಂಟೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಚೀಲಕ್ಕೆ ಸೇರಿಸಿ. ಮೀನನ್ನಷ್ಟೇ ಒಳಗೆ ಬಿಡಿ, ಚೀಲದ ನೀರು ಬೇಡ.

ಆವಿಯಾಗಿ ಕಡಿಮೆಯಾದ ನೀರಿಗೆ ಬರೀ ಆರ್‌ಓ ನೀರನ್ನೇ ತುಂಬಿ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಎರಡು ವಾರಕ್ಕೊಮ್ಮೆ ಶೇ 10ರಷ್ಟು ನೀರು ತೆಗೆದು ಹೊಸ ಉಪ್ಪುನೀರು ಹಾಕಿ. ಕರೆಂಟ್ ಹೋದಾಗ ಗಾಳಿ ಕೊಡಲು ಬ್ಯಾಟರಿ ಪಂಪ್ ಇರಲಿ. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಿದರೆ ಮೇಲಿನಿಂದ ಫ್ಯಾನ್ ಗಾಳಿ ಬಿಡಿ.

ಒಂದರ ಬದಲು ಎರಡು ಮರಿ ತನ್ನಿ, ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು. ಕ್ಲೌನ್ ಮೀನುಗಳು ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಅದು ಮೊಟ್ಟೆಯಿಟ್ಟ ಮೇಲೆ ರೆಕ್ಕೆ ಬೀಸಿ ನೀರಾಡಿಸುತ್ತಾ ಹೆಚ್ಚು ಕಾವಲು ಕಾಯುವುದು ಆ ಚಿಕ್ಕ ಗಂಡೇ.