ಹಿತ್ತಲ ಹೊಂಗೆಗೆ ಹುಳು ಬಿದ್ದಿದೆಯೇ? ಕಾಂಡ ನೋಡಿ

ಹೊಂಗೆಯ ಎಲೆಯಲ್ಲಿ ಗಂಟು ಕಂಡ ಕೂಡಲೇ ಔಷಧಿ ಹೊಡೆಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೆಂಗಳೂರಿನ ಬನಶಂಕರಿಯ ನಮ್ಮ ಬೀದಿಯ ಹಿತ್ತಲುಗಳಲ್ಲಿ ಹೊಂಗೆಯೇ ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ ಅದರ ಕೆಳಗೆ ಕುಳಿತವರಿಗೆ ಆ ನೆರಳಿನ ಬೆಲೆ ಗೊತ್ತು. ಆ ಗಂಟುಗಳು ಬರಿಗಣ್ಣಿಗೆ ಕಾಣದ ನುಸಿಯ ಕೆಲಸ. ಎಲೆಯ ಅಂದ ಕೆಡುತ್ತದೆಯೇ ಹೊರತು ಬೆಳೆದ ಮರ ಅದರಿಂದ ಸಾಯುವುದಿಲ್ಲ. ಜನವರಿ, ಫೆಬ್ರವರಿಯ ಹೊತ್ತಿಗೆ ಎಲೆ ಉದುರಿದರೂ ಗಾಬರಿ ಬೇಡ, ಅದು ಹೊಂಗೆಯ ವಾಡಿಕೆ.

ಎಲೆ ಅಂಟಂಟಾಗಿ, ಮೇಲೆ ಕಪ್ಪು ಮಸಿ ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಮಸಿ ಬಟ್ಟೆಗೆ ಬಂದರೆ ಅದು ರಸ ಹೀರುವ ಹುಳುಗಳ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಇರುವೆಗಳ ಸಾಲನ್ನು ಹಿಂಬಾಲಿಸಿದರೆ ಎಳೆ ಕಡ್ಡಿಗಳ ಸಂದಿಯಲ್ಲಿ ಬಿಳಿಯ ಹಿಟ್ಟು ತಿಗಣೆ ಸಿಗಬಹುದು. ಪೈಪಿನಿಂದ ರಭಸವಾಗಿ ನೀರು ಹಾಯಿಸಿ ತೊಳೆಯಿರಿ.

ನಾನು ಹೆದರುವುದು ಕಾಂಡದ ಹುಳುವಿಗೆ. ಬೆಳಗಿನ ಓರೆ ಬಿಸಿಲಿನಲ್ಲಿ ಬುಡದಿಂದ ಕವಲುಗಳವರೆಗೆ ಸುತ್ತಲೂ ಕಣ್ಣಾಡಿಸಿ. ಹಿಕ್ಕೆ ಮತ್ತು ತೊಗಟೆಯ ಚೂರು ಸೇರಿಸಿ ನೂಲಿನಿಂದ ನೇಯ್ದಂಥ ಕಂದು ಪಟ್ಟಿ ಕಂಡರೆ ಅದು ತೊಗಟೆ ತಿನ್ನುವ ಹುಳು. ಹಗಲೆಲ್ಲ ಕವಲಿನ ಬಳಿಯ ರಂಧ್ರದಲ್ಲಿ ಅಡಗಿದ್ದು ರಾತ್ರಿ ಮೇಯುತ್ತದೆ. ಪಟ್ಟಿಯನ್ನು ಒರಟು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ರಂಧ್ರದೊಳಗೆ ತಂತಿ ತೂರಿಸಿ ಹುಳುವನ್ನು ಚುಚ್ಚಿ, ಬಾಯಿಗೆ ಜೇಡಿಮಣ್ಣು ಮೆತ್ತಿ. ಕೆಲವು ದಿನಗಳಲ್ಲಿ ಹೊಸ ಪಟ್ಟಿ ಮೂಡಿದರೆ ಹುಳು ಸತ್ತಿಲ್ಲ ಎಂದೇ ಅರ್ಥ.

ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿದ್ದು ರಂಧ್ರದಿಂದ ರಸ ಒಸರುತ್ತಿದ್ದರೆ, ಕಾಂಡ ಕೊರೆಯುವ ಹುಳು ಒಳಗೆ ಸೇರಿರುವ ಸಾಧ್ಯತೆ ಹೆಚ್ಚು. ಇದರಲ್ಲಿ ತಡ ಸಲ್ಲದು. ಪುಡಿಯನ್ನು ಪೊಟ್ಟಣ ಕಟ್ಟಿ, ರಂಧ್ರದ ಫೋಟೊ ತೆಗೆದುಕೊಂಡು ಜಿಕೆವಿಕೆಯ (ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ) ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಬಲ್ಲವರಿಗೆ ತೋರಿಸಿ. ಗೆದ್ದಲಿನ ವಿಷಯದಲ್ಲಿ ಇಷ್ಟು ಆತುರ ಬೇಕಿಲ್ಲ: ಮಣ್ಣಿನ ಪದರ ಕೆರೆದಾಗ ಕೆಳಗಿನ ತೊಗಟೆ ಗಟ್ಟಿಯಾಗಿದ್ದರೆ ಅದು ಸತ್ತ ಹೊರಸಿಪ್ಪೆಯನ್ನಷ್ಟೇ ತಿನ್ನುತ್ತಿದೆ.

ಯಾವ ಹುಳುವೂ ಸಿಗದೆ ತುದಿಯ ಕೊಂಬೆಗಳು ಒಣಗುತ್ತಿವೆಯೇ? ಕಡ್ಡಿಯನ್ನು ಉಗುರಿನಿಂದ ಗೀರಿ. ಒಳಗೆ ಹಸಿರಿದ್ದರೆ ಜೀವವಿದೆ. ಆಮೇಲೆ ನೆಲ ನೋಡಿ. ಬುಡದವರೆಗೂ ಕಾಂಕ್ರೀಟ್ ಬಳಿದ ಹಿತ್ತಲಿನಲ್ಲಿ ಬೇರಿಗೆ ನೀರೂ ಗಾಳಿಯೂ ಸಾಲದು. ಕಾಂಡದ ಸುತ್ತ ಮೂರು ನಾಲ್ಕು ಅಡಿಯಾದರೂ ಕಾಂಕ್ರೀಟ್ ಒಡೆಸಿ, ಬೇರಿಗೆ ಪೆಟ್ಟಾಗದಂತೆ ಮೇಲ್ಮಣ್ಣು ಸಡಿಲಿಸಿ. ಉದುರಿದ ತರಗೆಲೆಯನ್ನು ಸುಡದೆ ಅಲ್ಲಿಯೇ ಹಾಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.